ಮನೆಯಲ್ಲೇ ಕೂತ 41 ಮತಗಳು: ಕಲಬುರಗಿ ಜಿಲ್ಲೆಯ ಒಂದು ಬೂತಿನ ಪ್ರಕರಣ

ಕಾಯಂ ಮತದಾರರು ಯಾಕೆ ಬೂತಿಗೆ ಬರಲಿಲ್ಲ ಅಂತ ಕೇಳಿದರೆ ನಮ್ಮ ಹತ್ತಿರ ಉತ್ತರ ರೆಡಿ ಇರುತ್ತದೆ. ಬಿಸಿಲು ಜಾಸ್ತಿ ಇತ್ತು. ಮಂದಿ ದುಡಿಯಲು ಊರು ಬಿಟ್ಟಿದ್ದಾರೆ. ಎದುರಿನವರು ದುಡ್ಡು ಹಂಚಿದರು. ಹತ್ತಾರು ವರ್ಷ ನಾನೂ ಇದನ್ನೇ ಹೇಳಿಕೊಂಡು ಬಂದೆ. 2023ರಲ್ಲಿ ಒಂದು ಬೂತು ನನ್ನ ಬಾಯಿ ಮುಚ್ಚಿಸಿತು. ಆ ಬೂತಿನಲ್ಲಿ ಏನಾಯಿತು, ನಾವು ಎಲ್ಲೆಲ್ಲಿ ಎಡವಿದೆವು ಅಂತ ಇಲ್ಲಿ ಬರೆಯುತ್ತಿದ್ದೇನೆ.

ಊರಿನ ಹೆಸರು, ವಿಧಾನಸಭೆ ಕ್ಷೇತ್ರದ ಹೆಸರು ಹೇಳುವುದಿಲ್ಲ. ಪಕ್ಷ ಯಾವುದು ಅಂತಲೂ ಹೇಳುವುದಿಲ್ಲ. ಗುರುತು ಸಿಗುವಂಥ ಕೆಲವು ವಿವರ ಬದಲಿಸಿದ್ದೇನೆ. ನಾನು ಆ ಪಕ್ಷದ ಕಾರ್ಯಕರ್ತ, ಹದಿನಾಲ್ಕು ಬೂತುಗಳ ಉಸ್ತುವಾರಿ ನನ್ನ ಮೇಲಿತ್ತು. ಆದ್ದರಿಂದ ಇಲ್ಲಿ ಬರುವ ತಪ್ಪುಗಳಲ್ಲಿ ನನ್ನ ಪಾಲೂ ಇದೆ.

ಊರು ಮತ್ತು ಹಸಿರು ಪೆನ್ನು

ಊರು ಚಿಕ್ಕದು. ಅಗಸಿ ದಾಟಿದರೆ ಹನುಮಂತ ದೇವರ ಕಟ್ಟೆ. ಅಲ್ಲಿಂದ ಒಂದು ಕಡೆ ಮೇಲಿನ ಓಣಿ, ಇನ್ನೊಂದು ಕಡೆ ಕೆಳಗಿನ ಓಣಿ. ಸುತ್ತ ತೊಗರಿ ಹೊಲ. ತೊಗರಿ ರಾಶಿ ಮುಗಿದ ಮೇಲೆ ಎಷ್ಟೋ ಮನೆಗಳಿಗೆ ಬೀಗ ಬೀಳುತ್ತದೆ. ಬೆಂಗಳೂರು, ಪುಣೆ, ಹೈದರಾಬಾದ್ ಅಂತ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ಸರ್ಕಾರಿ ಶಾಲೆಯ ಎರಡನೇ ಕೋಣೆಯೇ ಬೂತು. ಮತದಾರರು ಸಾವಿರದ ಆಸುಪಾಸು.

ಪ್ರತಿ ಬೂತಿಗೂ ನಮ್ಮ ಹತ್ತಿರ ಒಂದು ಪಟ್ಟಿ ಇರುತ್ತದೆ. ಮತದಾರರ ಪಟ್ಟಿಯ ಜೆರಾಕ್ಸ್ ಮೇಲೆ ಮೂರು ಬಣ್ಣದ ಪೆನ್ನಿನಲ್ಲಿ ಗುರುತು ಹಾಕುತ್ತೇವೆ. ಹಸಿರು ನಮ್ಮವರು. ಕೆಂಪು ಅವರವರು. ನೀಲಿ ಅಂದರೆ ಹೇಳಲಾಗದವರು. ಪ್ರಚಾರದ ದಿನಗಳಲ್ಲಿ ನಾವು ಓಡಾಡುವುದೆಲ್ಲ ನೀಲಿ ಮನೆಗಳಿಗೆ. ಟೈಮು ಕಮ್ಮಿ, ಪೆಟ್ರೋಲು ಕಮ್ಮಿ. ಹಸಿರು ಇದ್ದಲ್ಲಿ ಹೋಗುವ ಅಗತ್ಯವಿಲ್ಲ ಅಂತ ನಮ್ಮ ಲೆಕ್ಕ. ಈ ಬೂತಿನಲ್ಲಿ 310 ಹೆಸರಿಗೆ ಹಸಿರು ಗುರುತಿತ್ತು. ಅದರಲ್ಲಿ ಬಹುಪಾಲು ಮೇಲಿನ ಓಣಿಯವು.

ಆ ಓಣಿಯ ಹಿರಿಯರೊಬ್ಬರನ್ನು ಊರೆಲ್ಲ ಕಾಕಾ ಅಂತ ಕರೆಯುತ್ತದೆ. ನಾನೂ ಹಾಗೇ ಕರೆಯುತ್ತೇನೆ. 1989ರ ಚುನಾವಣೆಯಿಂದ ಅವರು ಆ ಬೂತಿನಲ್ಲಿ ನಮ್ಮ ಏಜೆಂಟ್. ಏಜೆಂಟ್ ಕೆಲಸ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಮತದಾನ ಏಳಕ್ಕೆ ಶುರುವಾದರೆ ಏಜೆಂಟ್ ಐದೂವರೆಗೇ ಒಳಗೆ ಇರಬೇಕು. ಅವರ ಎದುರೇ ಅಣಕು ಮತದಾನ ನಡೆಯುತ್ತದೆ, ಕನಿಷ್ಠ 50 ಮತ ಒತ್ತಿ ತೋರಿಸಿ, ಎಣಿಸಿ, ಅಳಿಸಿ, ಸೀಲು ಮಾಡುತ್ತಾರೆ. ಆಮೇಲೆ ಸಂಜೆವರೆಗೆ ಬೆಂಚಿನ ಮೇಲೆ ಕೂತು ಬಂದವರ ಮುಖ ನೋಡುವುದು. ಕೊನೆಗೆ ಒಟ್ಟು ಎಷ್ಟು ಮತ ಬಿದ್ದವು ಅಂತ ಬರೆದ 17ಸಿ ನಮೂನೆಯ ನಕಲು ತೆಗೆದುಕೊಂಡು ಹೊರಗೆ ಬರುವುದು. ಸಂಬಳ ಇಲ್ಲ. ಒಂದು ಊಟದ ಪೊಟ್ಟಣ ಬರುತ್ತದೆ, ಅದೂ ಕೆಲವು ಸಲ ಮೂರು ಗಂಟೆಗೆ. ಆದರೆ ಊರಿನ ಎದುರು ಅದೊಂದು ಕುರ್ಚಿ. ಆ ಕುರ್ಚಿಯಲ್ಲಿ ಕೂತವನೇ ಆ ಊರಲ್ಲಿ ಪಕ್ಷ.

2023ರ ಮೇ 10

ಮತದಾನಕ್ಕೆ ಹತ್ತು ಹನ್ನೆರಡು ದಿನ ಇರುವಾಗ ಕೆಳಗಿನ ಓಣಿಯ ಸಾಹುಕಾರರೊಬ್ಬರು ತಮ್ಮ ಬೆಂಬಲಿಗರ ಜೊತೆ ನಮ್ಮ ಪಕ್ಷಕ್ಕೆ ಬಂದರು. ತಾಲೂಕು ಕೇಂದ್ರದಲ್ಲಿ ಸೇರ್ಪಡೆ ಕಾರ್ಯಕ್ರಮ. ವೇದಿಕೆ ಮೇಲೆ ಶಾಲು, ಹಾರ, ಫೋಟೋ. ನಾನೂ ಚಪ್ಪಾಳೆ ಹೊಡೆದೆ. ಕೆಳಗಿನ ಓಣಿಯ ಅಷ್ಟೂ ಕೆಂಪು ಹೆಸರು ಒಂದೇ ದಿನ ಹಸಿರಾದವು ಅಂತ ಖುಷಿಪಟ್ಟೆ.

ಕಾಕಾ ವೇದಿಕೆ ಮೇಲೆ ಇರಲಿಲ್ಲ. ಕೆಳಗೂ ಇರಲಿಲ್ಲ. ಅವರಿಗೆ ಯಾರೂ ಹೇಳಿಯೇ ಇರಲಿಲ್ಲ. ಆ ದಿನ ನನಗೆ ಅದು ಹೊಳೆಯಲೂ ಇಲ್ಲ.

ಮತದಾನದ ದಿನ ಬೂತಿನಿಂದ 200 ಮೀಟರ್ ಆಚೆ ನಮ್ಮ ಟೇಬಲ್ ಹಾಕಿದ್ದೆವು. ಚೀಟಿ ತೆಗೆದುಕೊಳ್ಳಲು ಬಂದವರ ಹೆಸರಿಗೆ ಟಿಕ್ ಹಾಕುತ್ತಾ ಹೋದೆವು. ಹನ್ನೊಂದು ಗಂಟೆಯವರೆಗೆ ಮೇಲಿನ ಓಣಿಯ ಕೆಲವು ಮನೆಯವರು ಕಾಣಲಿಲ್ಲ. ಬಿಸಿಲು ಇಳಿಯಲಿ, ಬರುತ್ತಾರೆ ಅಂದುಕೊಂಡೆವು. ನಾಲ್ಕಕ್ಕೂ ಬರಲಿಲ್ಲ. ಒಬ್ಬ ಹುಡುಗನನ್ನು ಕಳಿಸಿದೆ. ಅವನು ವಾಪಸ್ ಬಂದು ಹೇಳಿದ: "ಎಲ್ಲಾರೂ ಮನ್ಯಾಗೇ ಅದಾರಣ್ಣಾ. ಕಾಕಾ ಹೊರಸಿನ ಮ್ಯಾಲ ಕುಂತಾರ. ಚಾ ಕುಡಿ ಅಂದ್ರು, ಕುಡ್ದು ಬಂದೆ."

ಆರು ಗಂಟೆಗೆ ಬೂತು ಮುಚ್ಚಿತು. ಆ ಚುನಾವಣೆಯಲ್ಲಿ ರಾಜ್ಯದಲ್ಲಿ ಶೇ 73ಕ್ಕಿಂತ ಜಾಸ್ತಿ ಮತದಾನವಾಗಿತ್ತು. ನಮ್ಮ ಹಸಿರು ಪಟ್ಟಿಯಲ್ಲೇ 72 ಹೆಸರಿಗೆ ಟಿಕ್ ಬಿದ್ದಿರಲಿಲ್ಲ.

ತಪ್ಪು ಲೆಕ್ಕಗಳು

ತಾಲೂಕು ಸಭೆಯಲ್ಲಿ ಕಾರಣ ಕೇಳಿದಾಗ ನಾನು ಬಿಸಿಲು ಅಂದೆ. ಇನ್ನೊಬ್ಬರು ವಲಸೆ ಅಂದರು. ಮತ್ತೊಬ್ಬರು ಕಾಕಾನ ಹೆಸರು ಹೇಳಿ "ಅವ್ರು ಆ ಕಡಿ ಮಾತಾಡಿಕೊಂಡಾರ" ಅಂದರು. ಈ ಮೂರನೇ ಮಾತನ್ನು ನಾನು ಅಲ್ಲೇ ತಡೆಯಬೇಕಿತ್ತು. ತಡೆಯಲಿಲ್ಲ.

ಆಮೇಲೆ ಒಂದು ಸಂಜೆ 72 ಹೆಸರನ್ನು ಒಂದೊಂದಾಗಿ ಬಿಡಿಸಿ ನೋಡಿದೆ. ನಾಲ್ಕು ಮಂದಿ ತೀರಿಕೊಂಡಿದ್ದರು, ಪಟ್ಟಿಯಿಂದ ಹೆಸರು ತೆಗೆಸಿರಲಿಲ್ಲ. 22 ಮಂದಿ ಊರಲ್ಲೇ ಇರಲಿಲ್ಲ. ಐದು ಮಂದಿ ಹಾಸಿಗೆ ಹಿಡಿದ ವಯಸ್ಸಾದವರು. ಆ ವರ್ಷ 80 ದಾಟಿದವರಿಗೆ ಮನೆಯಲ್ಲೇ ಮತ ಹಾಕುವ ಅವಕಾಶ ಇತ್ತು. 12ಡಿ ನಮೂನೆ ತುಂಬಿಕೊಡಬೇಕಿತ್ತು, ಅಷ್ಟೇ. ಐವರಲ್ಲಿ ಇಬ್ಬರು ಆ ವಯಸ್ಸಿನವರು. ನಮ್ಮಲ್ಲಿ ಯಾರೂ ತುಂಬಿಸಲಿಲ್ಲ. ಹಸಿರು ಮನೆ ಅಲ್ವಾ, ಯಾರು ಹೋಗುತ್ತಾರೆ?

ಉಳಿದವು 41. ಅಷ್ಟೂ ಹೆಸರು 11 ಮನೆಗಳವು. ಅಷ್ಟೂ ಮನೆ ಮೇಲಿನ ಓಣಿಯಲ್ಲಿ, ಒಂದಕ್ಕೊಂದು ಗೋಡೆ ಅಂಟಿಕೊಂಡವು. ಬಿಸಿಲು ಹೀಗೆ ಮನೆ ಆರಿಸಿಕೊಂಡು ಬೀಳುವುದಿಲ್ಲ. ಕಾಗದದ ಮೇಲೆ ಆ 11 ಮನೆಗಳಿಗೆ ಸುತ್ತು ಹಾಕಿದ ಆ ಕ್ಷಣದಲ್ಲೇ ನನಗೆ ಮೊದಲ ಸಲ ಅನ್ನಿಸಿದ್ದು: ಇವರು ಬರಲಾಗದೆ ಉಳಿದವರಲ್ಲ, ಬರಬಾರದು ಅಂತ ಕೂತವರು.

ನೋಟಿಸು

ನಾನು ಈ ಲೆಕ್ಕ ಇಟ್ಟುಕೊಂಡು ಮಾತಾಡುವಷ್ಟರಲ್ಲಿ ತಾಲೂಕು ಕಡೆಯಿಂದ ಕಾಕಾಗೆ ನೋಟಿಸು ಹೋಯಿತು. ಪಕ್ಷ ವಿರೋಧಿ ಚಟುವಟಿಕೆ, ಏಳು ದಿನದಲ್ಲಿ ಉತ್ತರ ಕೊಡಿ. ಅದನ್ನು ಕೈಗೆ ಕೊಟ್ಟರೂ ಒಂದು ಮಾತು. ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದರು. ಇನ್ನೂರು ಮಂದಿ ಇರುವ ಗ್ರೂಪು. ಸಾಹುಕಾರರ ಕಡೆಯ ಹುಡುಗರು ಅದರ ಕೆಳಗೆ ಕೈಮುಗಿಯುವ ಚಿತ್ರ ಹಾಕಿದರು.

ಕಾಕಾ ಉತ್ತರ ಕೊಡಲಿಲ್ಲ. ಗ್ರೂಪಿನಿಂದ ಹೊರಗೂ ಹೋಗಲಿಲ್ಲ. ಅವರ ತಮ್ಮ ಮಾತ್ರ ಮನೆ ಗೋಡೆ ಮೇಲಿದ್ದ ಪಕ್ಷದ ಚಿಹ್ನೆಗೆ ಸುಣ್ಣ ಬಳಿದರು. ಒಂದೇ ಕೋಟು. ಹಳೇ ಬಣ್ಣ ಇನ್ನೂ ಒಳಗಿಂದ ಕಾಣುತ್ತಿತ್ತು.

ಇದೇ ಹೊತ್ತಿಗೆ ಎದುರು ಪಕ್ಷದವರು ಕಾಕಾನ ಮನೆಗೆ ಬಂದರು ಅಂತ ಸುದ್ದಿ ಬಂತು. ಸುದ್ದಿ ನಿಜವೇ. ಬಂದಿದ್ದರು. ಶಾಲು ತಂದಿದ್ದರು. ಕಾಕಾ ಅವರಿಗೆ ಚಹಾ ಕೊಟ್ಟು, "ಶಾಲು ವಾಪಸ್ ಒಯ್ರಿ, ನನಗ ಶಾಲಿನ ಕೊರತಿ ಇಲ್ಲ" ಅಂತ ಹೇಳಿ ಕಳಿಸಿದ್ದರು. ಈ ಎರಡನೇ ಅರ್ಧವನ್ನು ನಮ್ಮ ಸಭೆಯಲ್ಲಿ ಯಾರೂ ಹೇಳಲಿಲ್ಲ. ಬಂದರು ಅನ್ನುವುದು ಮಾತ್ರ ಓಡಾಡಿತು.

ಕಾಕಾನ ಮನೆಯಲ್ಲಿ

ನಾನು ಅವರ ಮನೆಗೆ ಹೋಗುವುದಕ್ಕೆ ತಿಂಗಳುಗಟ್ಟಲೆ ತಡ ಮಾಡಿದೆ. ಮುಖ ಇರಲಿಲ್ಲ. ಹೋದದ್ದು ಡಿಸೆಂಬರಿನಲ್ಲಿ, ತೊಗರಿ ರಾಶಿಯ ಟೈಮು. ಅಂಗಳದ ಪರ್ಸಿ ಮೇಲೆ ತೊಗರಿ ಹರಡಿತ್ತು. ಕಾಕಾ ಹೊರಸಿನ ಮೇಲೆ ಕೂತಿದ್ದರು. ಬಾ ಅನ್ನಲಿಲ್ಲ, ಹೋಗು ಅನ್ನಲೂ ಇಲ್ಲ.

ನಾನು ಸುಮ್ನೆ ಕೂರಬೇಕಿತ್ತು. ಅಭ್ಯಾಸ ಬಿಡಲಿಲ್ಲ, ಭಾಷಣ ಶುರು ಮಾಡಿದೆ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಒಂದೇ ಒಂದು ಮತದಲ್ಲಿ ಸೋಲು ಗೆಲುವು ಆಗಿತ್ತು. ಮೊನ್ನೆ 2023ರಲ್ಲಿ ಜಯನಗರದಲ್ಲಿ 16 ಮತ. ಒಂದು ವೋಟಿನ ಬೆಲೆ ನೋಡಿ ಕಾಕಾ, ಅಂದೆ.

ಅವರು ನನ್ನನ್ನು ಪೂರ್ತಿ ಮಾತಾಡಲು ಬಿಟ್ಟರು. ಆಮೇಲೆ ಹೇಳಿದರು: "ತಮ್ಮಾ, ಒಂದು ವೋಟಿಗಿ ಎಷ್ಟು ಬೆಲಿ ಅದ ಅಂತ ನನಗ ಗೊತ್ತದ. ಅವ್ರಿಗಿ ಗೊತ್ತಾಗ್ಲಿ ಅಂತೇ ಕುಂತೀನಿ."

"ಬ್ಯಾರೆ ಕಡಿ ಹಾಕಬಹುದಿತ್ತಲ್ರಿ?"

"ಅದು ಆಗಂಗಿಲ್ಲ. ಕೈ ಬರಂಗಿಲ್ಲ."

"ನೋಟಾನರೆ ಒತ್ತಬಹುದಿತ್ತು."

ಆಗ ಅವರು ಹೇಳಿದ ಮಾತು ನಾನು ಈ ಪ್ರಕರಣದಿಂದ ತೆಗೆದುಕೊಂಡು ಬಂದ ಮುಖ್ಯ ಮಾತು. "ನೋಟಾ ಒತ್ತಿದ್ರ ಯಾರು ಒತ್ತಿದ್ರು ಅಂತ ಯಾರಿಗಿ ಗೊತ್ತಾಗ್ತದ? ಆ ಡಬ್ಬಿ ಹೇಳತದೇನು? ಮನ್ಯಾಗ ಕುಂತ್ರ ನಿಮ್ಮ ಟೇಬಲ್ಲಿಗಿ ಗೊತ್ತಾಗ್ತದ. ಕಾಕಾನ ಹೆಸರಿಗಿ ಟಿಕ್ ಬಿದ್ದಿಲ್ಲ ಅಂತ."

ನಾನು ಆ ಕಡೆಯಿಂದ ಯೋಚನೆಯೇ ಮಾಡಿರಲಿಲ್ಲ. 2013ರಿಂದ ಯಂತ್ರದಲ್ಲಿ ನೋಟಾ ಗುಂಡಿ ಇದೆ. ಆದರೆ ಅದನ್ನು ಒತ್ತಿದವನ ಹೆಸರು ಗುಟ್ಟು. ಬೇರೆಯವರಿಗೆ ಹಾಕಿದರೂ ಗುಟ್ಟು. ಹಳ್ಳಿಯ ಬೂತಿನಲ್ಲಿ ಗುಟ್ಟಾಗಿ ಉಳಿಯದ ಸಂಗತಿ ಒಂದೇ: ಯಾರು ಬಂದರು, ಯಾರು ಬರಲಿಲ್ಲ. ಬೆರಳಿನ ಮೇಲೆ ಆ ಮೈಸೂರಿನ ಮಸಿ ಇಲ್ಲದಿದ್ದರೆ ಮರುದಿನ ಹೋಟೆಲಿನಲ್ಲಿ ಚಹಾ ಲೋಟ ಹಿಡಿದಾಗಲೇ ಊರು ನೋಡುತ್ತದೆ. ಪಕ್ಷಕ್ಕೆ ಮೋಸ ಮಾಡದೆ ಪಕ್ಷಕ್ಕೆ ಸಿಟ್ಟು ತೋರಿಸಬೇಕು ಅಂದರೆ ಕಾಕಾನಂಥವರಿಗೆ ಇದ್ದ ದಾರಿ ಇದೊಂದೇ. ಮನೆಯ ಹಿರಿಯ ಊಟ ಬಿಟ್ಟು ಕೂತ ಹಾಗೆ. ಊಟ ಬಿಟ್ಟವನು ಪಕ್ಕದ ಮನೆಗೆ ಉಣ್ಣಲು ಹೋಗುವುದಿಲ್ಲ. ಯಾಕೆ ಉಣ್ಣಲಿಲ್ಲ ಅಂತ ಮನೆಯವರೇ ಬಂದು ಕೇಳಲಿ ಅಂತ ಕಾಯುತ್ತಾನೆ. ನಾವು ಕೇಳಲು ಹೋಗಲಿಲ್ಲ. ನೋಟಿಸು ಕಳಿಸಿದೆವು.

ಹಾಗಾದರೆ ಸಿಟ್ಟು ಯಾಕೆ? ಸಾಹುಕಾರರು ಬಂದದ್ದಕ್ಕೆ ಅಂತ ನಾನು ಅಂದುಕೊಂಡಿದ್ದೆ. ಅದಕ್ಕೆ ಕಾರಣವೂ ಇತ್ತು. 2020ರ ಡಿಸೆಂಬರಿನ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಕಾಕಾನ ಸೊಸೆ ನಿಂತಿದ್ದರು. ಗ್ರಾಮ ಪಂಚಾಯಿತಿಗೆ ಪಕ್ಷದ ಚಿಹ್ನೆ ಇರುವುದಿಲ್ಲ, ಆದರೆ ಊರಿಗೆಲ್ಲ ಯಾರು ಯಾರ ಕಡೆ ಅಂತ ಗೊತ್ತಿರುತ್ತದೆ. ಸಾಹುಕಾರರ ಕಡೆಯವರು ಅವರನ್ನು ಸೋಲಿಸಿದ್ದರು. ಹೊಲದ ದಾರಿಯ ಜಗಳವೂ ಸೇರಿ ಮಾತು ಠಾಣೆ ಮೆಟ್ಟಿಲವರೆಗೆ ಹೋಗಿತ್ತು.

ಕಾಕಾ ಅದನ್ನೆಲ್ಲ ಕೈಬೀಸಿ ಬದಿಗಿಟ್ಟರು. "ರಾಜಕೀಯದಾಗ ಬರೋದು ಹೋಗೋದು ಇದ್ದದ್ದೇ. ಅವ್ರು ಬರ್ಲಿ, ಮಂದಿ ಬಂದ್ರ ಛಲೋನೇ." ಆಮೇಲೆ ಎದ್ದು ಒಳಗೆ ಹೋಗಿ ಒಂದು ಟ್ರಂಕು ಎಳೆದುಕೊಂಡು ಬಂದರು.

ಹಳೇ ತಗಡಿನ ಟ್ರಂಕು, ಮುಚ್ಚಳಕ್ಕೆ ತಂತಿ ಸುತ್ತಿತ್ತು. ಒಳಗೆ ಮೇಲೆ ಸೊಸೆಯ ಮದುವೆಯ ಸೀರೆ, ಅದರ ಕೆಳಗೆ ಒಂದು ಪ್ಲಾಸ್ಟಿಕ್ ಚೀಲ. ಚೀಲದಲ್ಲಿ ಮಡಿಚಿಟ್ಟ ಕಾಗದಗಳು. ಇವಿಎಂ ಬಂದಾಗಿನಿಂದ ಆ ಬೂತಿನ ಪ್ರತಿ ಚುನಾವಣೆಯ 17ಸಿ ನಕಲು. ಕೆಲವು ಮಡಿಕೆಯಲ್ಲಿ ಹರಿದಿದ್ದವು, ಅಲ್ಲಿ ಗೋಂದು ಹಚ್ಚಿ ಪೇಪರ್ ತುಂಡು ಅಂಟಿಸಿದ್ದರು. ಪ್ರತಿಯೊಂದರ ಹಿಂದೆ ಪೆನ್ಸಿಲಿನಲ್ಲಿ ಅವರ ಕೈಬರಹ: ಬಂದವರು ಇಷ್ಟು, ಊರಲ್ಲಿ ಇಲ್ಲದವರು ಇಷ್ಟು, ತೀರಿಕೊಂಡವರು ಇಷ್ಟು. ನಾವು ಮೂರು ಬಣ್ಣದ ಪೆನ್ನಿನಲ್ಲಿ ಹುಡುಕುತ್ತಿದ್ದ ಲೆಕ್ಕ ಅಲ್ಲಿ ಇತ್ತು.

2018ರ ಕಾಗದವನ್ನು, 2019ರ ಕಾಗದವನ್ನು ನನ್ನ ಕೈಗೆ ಕೊಟ್ಟರು. "ಮುಂದಿನದು ಇಲ್ಲ," ಅಂದರು.

ಆಗ ತಿಳಿಯಿತು. 2023ರ ಮೇ 9ರ ರಾತ್ರಿ ಏಜೆಂಟ್ ನೇಮಕದ ನಮೂನೆ 10 ಸಾಹುಕಾರರ ಅಳಿಯನ ಹೆಸರಿಗೆ ಹೋಗಿತ್ತು. ಹೊಸದಾಗಿ ಬಂದವರಿಗೆ ಗೌರವ ಕೊಡಬೇಕು ಅಂತ ತಾಲೂಕಿನಲ್ಲಿ ಯಾರೋ ತೀರ್ಮಾನ ಮಾಡಿದ್ದರು. ಆ ಫಾರ್ಮುಗಳ ಕಟ್ಟು ಊರೂರಿಗೆ ಹಂಚಿದ್ದು ನಾನೇ. ಹದಿನಾಲ್ಕು ಬೂತಿನ ಹೆಸರುಗಳನ್ನು ನಾನು ಓದಿಯೇ ನೋಡಿರಲಿಲ್ಲ. ಕಾಕಾ ಮರುದಿನ ನಸುಕಿನಲ್ಲಿ ಎದ್ದು, ಸ್ನಾನ ಮಾಡಿ, ಬಿಳೀ ಅಂಗಿ ಹಾಕಿಕೊಂಡು ಐದೂ ಕಾಲಿಗೆ ಶಾಲೆಯ ಬಾಗಿಲಿಗೆ ಹೋಗಿದ್ದರು. ಒಳಗಿದ್ದ ಅಧಿಕಾರಿ ಹೆಸರು ನೋಡಿ, "ನಿಮ್ಮ ಪಕ್ಷದವರು ಆಗಲೇ ಬಂದಿದ್ದಾರೆ" ಅಂದರಂತೆ.

ಅವರು ವಾಪಸ್ ಬರುವುದನ್ನು ಓಣಿಯ ಮಂದಿ ನೋಡಿದರು. ವೋಟು ಹಾಕಬೇಡಿ ಅಂತ ಕಾಕಾ ಯಾರಿಗೂ ಹೇಳಲಿಲ್ಲ. ಹೇಳುವ ಅಗತ್ಯ ಬೀಳಲಿಲ್ಲ. ಬಿಳೀ ಅಂಗಿ ಬಿಚ್ಚಿ ಹೊರಸಿನ ಮೇಲೆ ಕೂತರು, ಅಷ್ಟೇ.

ಉಳಿದ ಮನೆಗಳು

41 ಮತಗಳೂ ಕಾಕಾನ ಸಲುವಾಗಿಯೇ ನಿಂತವು ಅಂತ ಹೇಳಿದರೆ ಕತೆ ಸರಳ ಆಗುತ್ತದೆ, ಆದರೆ ಸುಳ್ಳಾಗುತ್ತದೆ. ಅದೇ ಓಣಿಯಲ್ಲಿ ಸ್ವಸಹಾಯ ಸಂಘ ನಡೆಸುವ ಒಬ್ಬ ಅಕ್ಕ ಇದ್ದಾರೆ. ಅವರ ಮನೆಯಲ್ಲಿ ಐದು ವೋಟು. ಕಾಕಾನ ವಿಷಯ ತೆಗೆದಾಗ ಅವರು ನಕ್ಕರು. "ಕಾಕಾಗ ಒಂದ್ ಸಲ ಆಗ್ಯದ. ನಮಗ ಪ್ರತಿ ಸಲ ಆಗ್ತದ. ನಿಮ್ದು ಗಟ್ಟಿ ವೋಟು ಅಂತೀರಿ, ಮನಿ ಮುಂದಿಂದೇ ಹಾದು ಹೋಗ್ತೀರಿ. ಗಟ್ಟಿ ಇದ್ದದ್ದೇ ತಪ್ಪಾಯ್ತು ನೋಡ್ರಿ." ಚರಂಡಿಗಾಗಿ ಅವರು ಕೊಟ್ಟ ಅರ್ಜಿ ನಮ್ಮದೇ ತಾಲೂಕು ಕಚೇರಿಯ ಮೇಜಿನ ಮೇಲೆ ವರ್ಷಗಟ್ಟಲೆ ಬಿದ್ದಿತ್ತು. ಅದೇ ಚರಂಡಿ ಕೆಳಗಿನ ಓಣಿಯಲ್ಲಿ, ಸೇರ್ಪಡೆಯಾದ ಎರಡೇ ತಿಂಗಳಲ್ಲಿ ಆಯಿತು. ಹೊಸಬರನ್ನು ಉಳಿಸಿಕೊಳ್ಳಬೇಕಲ್ಲ!

ಇನ್ನೊಂದು ಕಾರಣವನ್ನು ಇಬ್ಬರು ಹುಡುಗರು ಹೇಳಿದರು. ಜಿಲ್ಲಾ ಪಂಚಾಯಿತಿ, ತಾಲೂಕು ಪಂಚಾಯಿತಿಗೆ 2016ರಲ್ಲಿ ಚುನಾವಣೆ ಆಗಿದ್ದು. 2021ರಲ್ಲಿ ಅವಧಿ ಮುಗಿದ ಮೇಲೆ ಅಲ್ಲಿಯವರೆಗೂ ಮತ್ತೆ ಆಗಿರಲಿಲ್ಲ. ತಳದ ಕಾರ್ಯಕರ್ತ ತಾನೇ ನಿಲ್ಲಬಹುದಾದ, ತಾನೇ ಟಿಕೆಟ್ ಕೇಳಬಹುದಾದ ಚುನಾವಣೆ ಅದು. ಅದೂ ಇಲ್ಲದಿದ್ದರೆ ಅವನು ಬ್ಯಾನರ್ ಕಟ್ಟುವುದಕ್ಕೆ ಮಾತ್ರ. "ನಾವು ಎಷ್ಟು ದಿನ ಬ್ಯಾರೆಯವ್ರ ಮದುವ್ಯಾಗ ಪಂದಾಲ್ ಹಾಕಬೇಕಣ್ಣಾ?" ಅಂತ ಒಬ್ಬ ಕೇಳಿದ. ನನಗೆ ಉತ್ತರ ಹೊಳೆಯಲಿಲ್ಲ.

ನಾವು ಮಾಡಿದ್ದು

2024ರ ಲೋಕಸಭೆ ಚುನಾವಣೆ ಹತ್ತಿರ ಬರುತ್ತಿತ್ತು. ಕಲಬುರಗಿ ಲೋಕಸಭೆ ಕ್ಷೇತ್ರ ಅಂದರೆ ಜಿಲ್ಲೆ ಪೂರ್ತಿ ಅಲ್ಲ. ಆಳಂದ, ಚಿಂಚೋಳಿ ಬೀದರ್ ಕ್ಷೇತ್ರಕ್ಕೆ ಸೇರುತ್ತವೆ, ಯಾದಗಿರಿ ಜಿಲ್ಲೆಯ ಗುರುಮಠಕಲ್ ನಮ್ಮ ಜೊತೆ ಬರುತ್ತದೆ. ಇಷ್ಟು ದೊಡ್ಡ ಕ್ಷೇತ್ರದಲ್ಲಿ 41 ಮತಕ್ಕೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ ಅಂತ ಜಿಲ್ಲೆಯಲ್ಲಿ ಒಬ್ಬರು ನನಗೇ ಹೇಳಿದರು. ಹದಿನಾಲ್ಕು ಬೂತಿನಲ್ಲೂ ಇಂಥ 11 ಮನೆ ಇರಬಹುದು ಅಂತ ನಾನು ಹೇಳಿದ ಮೇಲೆ ಸುಮ್ಮನಾದರು.

ಮೊದಲ ತೀರ್ಮಾನ ನೋಟಿಸು ವಾಪಸ್ ಪಡೆಯುವುದು. ಅದನ್ನು ಫೋನಿನಲ್ಲಿ ಹೇಳಿದರೆ ಸಾಕು ಅಂದರು ಪಕ್ಷದ ತಾಲೂಕು ಅಧ್ಯಕ್ಷರು. ನಾನು ಒಪ್ಪಲಿಲ್ಲ. ಯಾವ ಗ್ರೂಪಿನಲ್ಲಿ ಹಾಕಿ ಮರ್ಯಾದೆ ತೆಗೆದೆವೋ ಅದೇ ಗ್ರೂಪಿನಲ್ಲಿ, ಸಹಿ ಮಾಡಿ ಹಾಕಬೇಕು ಅಂತ ಹಟ ಹಿಡಿದೆ. ಎರಡು ವಾರ ಎಳೆದಾಡಿ ಕೊನೆಗೆ ಹಾಕಿದರು. ನಾನು ಪಕ್ಷದಲ್ಲಿ ಇಷ್ಟು ವರ್ಷದಲ್ಲಿ ಗೆದ್ದ ದೊಡ್ಡ ವಾದ ಅದೇ ಅಂತ ಕಾಣುತ್ತದೆ.

ಎರಡನೆಯದು 11 ಮನೆಗಳಿಗೂ ಹೋಗುವುದು, ಆದರೆ ವೋಟು ಕೇಳದೆ. ಫೆಬ್ರವರಿಯಲ್ಲೇ ಹೋದೆವು. ಕೈಯಲ್ಲಿ ಕರಪತ್ರ ಇಲ್ಲ, ಕೊರಳಲ್ಲಿ ಶಾಲು ಇಲ್ಲ. ಚರಂಡಿ ಅರ್ಜಿಯನ್ನು ಪಂಚಾಯಿತಿಗೆ ಮುಟ್ಟಿಸಿ, ಸ್ವೀಕೃತಿ ತಂದು ಅಕ್ಕನ ಕೈಗೆ ಕೊಟ್ಟೆವು. ಮಾರ್ಚ್ 16ಕ್ಕೆ ಚುನಾವಣೆ ಘೋಷಣೆಯಾಗಿ ನೀತಿ ಸಂಹಿತೆ ಬಂತು, ಕೆಲಸ ನಿಂತಿತು. ಚರಂಡಿ ಆಗಲಿಲ್ಲ. ಆಗುತ್ತದೆ ಅಂತ ಸುಳ್ಳು ಹೇಳಲೂ ಇಲ್ಲ.

ಮೂರನೆಯದೇ ಕಷ್ಟದ್ದು. ಈ ಸಲ ಏಜೆಂಟ್ ಯಾರು? ಸಾಹುಕಾರರೂ ಈಗ ನಮ್ಮವರೇ. ಅವರ ಅಳಿಯನನ್ನು ತೆಗೆದರೆ ಕೆಳಗಿನ ಓಣಿ ಮುನಿಯುತ್ತದೆ. ಒಂದು ಮುನಿಸು ಇಳಿಸಲು ಹೋಗಿ ಇನ್ನೊಂದು ಹುಟ್ಟಿಸಿದ ಹಾಗೆ. ಸಾಹುಕಾರರು ನನಗೆ ಹೇಳಿದ ಮಾತೂ ಸುಳ್ಳಲ್ಲ: "ನಾ ಬಂದು ವರ್ಷ ಆಯ್ತು. ಇನ್ನೂ ಎಷ್ಟು ದಿನ ನಾ ಹೊರಗಿನವ?" ನಿಯಮದ ಪ್ರಕಾರ ಒಂದು ಬೂತಿಗೆ ಒಬ್ಬ ಏಜೆಂಟ್, ಅವರ ಬದಲಿಗೆ ಕೂರಲು ಇಬ್ಬರು. ಒಳಗೆ ಒಂದು ಸಲಕ್ಕೆ ಒಬ್ಬರೇ. ಆದ್ದರಿಂದ ಕಾಕಾ ಏಜೆಂಟ್, ಅಳಿಯ ಬದಲಿ ಅಂತ ನಾನು ಕೂತಲ್ಲೇ ಲೆಕ್ಕ ಹಾಕಿದ್ದೆ. ಮತ್ತೆ ತಾಲೂಕಿನಲ್ಲೇ ಕೂತು ಊರಿನ ಕುರ್ಚಿ ಹಂಚುತ್ತಿದ್ದೇನೆ ಅಂತ ನನಗೆ ಆಗ ಹೊಳೆಯಲಿಲ್ಲ.

ಹನುಮಂತ ದೇವರ ಕಟ್ಟೆಯ ಮೇಲೆ ಎರಡೂ ಓಣಿಯವರನ್ನು ಕೂರಿಸಿದೆವು. ವೇದಿಕೆ ಇಲ್ಲ, ಮೈಕ್ ಇಲ್ಲ. ಅಧ್ಯಕ್ಷರು ಬಂದರು. ಅವರು ಮಾತು ಸುತ್ತಿ ಸುತ್ತಿ ಬಂದು ಕೊನೆಗೆ, "ಕಾಕಾ, ಅವತ್ತು ನಿಮಗ ಹೇಳದ ಕೇಳದ ಮಾಡಿದ್ದು ತಪ್ಪಾಯ್ತು" ಅಂದರು. ಕಟ್ಟೆ ನಿಶ್ಶಬ್ದವಾಯಿತು. ಕಾಕಾ ತಲೆ ಎತ್ತಲಿಲ್ಲ, ಟವೆಲಿನ ತುದಿ ಬೆರಳಿಗೆ ಸುತ್ತುತ್ತಾ ಕೂತಿದ್ದರು. ನಾನು ನನ್ನ ಲೆಕ್ಕ ಹೇಳಿದೆ. ಅವರು ಬೇಡ ಅಂದರು.

"ನನಗ ಕುರ್ಚಿ ಬ್ಯಾಡ. ಯಾರು ಕುಂದ್ರಬೇಕು ಅಂತ ಊರಿಗಿ ಕೇಳ್ರಿ. ಅಷ್ಟೇ."

ಊರಿಗೆ ಕೇಳಿದೆವು. ಅರ್ಧ ಗಂಟೆ ಗದ್ದಲ. ಕೊನೆಗೆ ಸಂಘದ ಅಕ್ಕನ ಹೆಸರು ಬಂತು. ಆ ಬೂತಿಗೆ ನಮ್ಮ ಕಡೆಯಿಂದ ಮೊದಲ ಹೆಣ್ಣು ಏಜೆಂಟ್. ಸಾಹುಕಾರರ ಅಳಿಯ ಬದಲಿ. ಅಳಿಯನ ಮುಖ ಸ್ವಲ್ಪ ಸಣ್ಣದಾಯಿತು, ಆದರೆ ಎದ್ದು ಹೋಗಲಿಲ್ಲ.

ದುಡಿಯಲು ಹೋದವರ ವಿಷಯದಲ್ಲಿ ನಾವು ಹೆಚ್ಚೇನೂ ಮಾಡಲಾಗಲಿಲ್ಲ. ಬೆಂಗಳೂರಿನಲ್ಲಿ ಮತದಾನ ಏಪ್ರಿಲ್ 26ಕ್ಕೆ, ನಮ್ಮದು ಮೇ 7ಕ್ಕೆ. ಊರಿನ ಮತದಾನದ ದಿನ ದಿನಗೂಲಿಯವರಿಗೂ ಸಂಬಳ ಸಹಿತ ರಜೆ ಕೊಡಬೇಕು ಅಂತ ಪ್ರಜಾ ಪ್ರಾತಿನಿಧ್ಯ ಕಾಯ್ದೆಯ 135ಬಿ ಕಲಂ ಹೇಳುತ್ತದೆ. ಫೋನಿನಲ್ಲಿ ಹೇಳಿದರೆ ಮೇಸ್ತ್ರಿಗಳು ನಕ್ಕರು. ಹಿಂದಿನ ಸಲ ಊರಲ್ಲಿ ಇಲ್ಲದ ಆ 22 ಮಂದಿಯಲ್ಲಿ ಆರು ಮಂದಿ ತಮ್ಮ ದುಡ್ಡಿನಲ್ಲೇ ಬಂದರು.

2024ರ ಮೇ 7 ಮತ್ತು ನನ್ನ ಲೆಕ್ಕ

ಆ ಚುನಾವಣೆಯಲ್ಲಿ ಕಲಬುರಗಿ ಕ್ಷೇತ್ರದ ಮತದಾನ ಶೇ 62ರ ಆಸುಪಾಸು ನಿಂತಿತು. ಮಂಡ್ಯದಲ್ಲಿ ಶೇ 81 ದಾಟಿತ್ತು. ನಮ್ಮ ಭಾಗದ ಬಿಸಿಲು, ವಲಸೆ ಎಲ್ಲ ನಿಜ. ಆದರೆ ಈ ಅಂತರವನ್ನು ನೋಡಿದಾಗಲೆಲ್ಲ ಮನಸ್ಸು ಆ 11 ಮನೆಗಳ ಕಡೆ ಹೋಗುತ್ತದೆ.

ಆ ಬೂತಿನಲ್ಲಿ ಹಿಂದಿನ ಸಲ ಮನೆಯಲ್ಲೇ ಉಳಿದ 41 ಮಂದಿಯಲ್ಲಿ 27 ಮಂದಿ ಬಂದರು. ಅವರು ಯಾರಿಗೆ ಹಾಕಿದರು ಅಂತ ನನಗೆ ಗೊತ್ತಿಲ್ಲ, ಗೊತ್ತಾಗಲೂಬಾರದು. ಬೂತುವಾರು ಲೆಕ್ಕದಲ್ಲಿ ನಮ್ಮ ಮತ ಸ್ವಲ್ಪ ಏರಿತ್ತು. ಅದು ಈ ಕೆಲಸದ ಫಲ ಅಂತ ನಾನು ಎಲ್ಲೂ ಹೇಳಿಕೊಂಡಿಲ್ಲ. ಲೋಕಸಭೆಯ ಗಾಳಿ ಬೇರೆ, ವಿಧಾನಸಭೆಯ ಗಾಳಿ ಬೇರೆ.

ಬೇರೆ ಬೂತುಗಳವರು ಕೇಳಿದರೆ ನಾನು ಹೇಳುವುದು ಇಷ್ಟು. ಬರದವರ ಹೆಸರುಗಳನ್ನು ಒಟ್ಟು ಸಂಖ್ಯೆಯಾಗಿ ನೋಡಬೇಡಿ, ಮನೆ ಮನೆಯಾಗಿ ಹರಡಿ ನೋಡಿ. ಅಕ್ಕಪಕ್ಕದ ಮನೆಗಳು ಒಟ್ಟಿಗೆ ಕೂತಿದ್ದರೆ ಅಲ್ಲಿ ಏನೋ ಮಾತಿದೆ. ಸಿಟ್ಟಾಗಿ ಮನೆಯಲ್ಲಿ ಕೂತವನಿಗೂ ಪಕ್ಷ ಬಿಟ್ಟವನಿಗೂ ವ್ಯತ್ಯಾಸ ಇದೆ. ಮೊದಲನೆಯವನನ್ನು ಎರಡನೆಯವನ ಹಾಗೆ ನೋಡಿದರೆ ನಾವೇ ಅವನನ್ನು ಹೊರಗೆ ದಬ್ಬಿದ ಹಾಗೆ. ನಾನೀಗ ಹಸಿರು ಪೆನ್ನು ಬಿಟ್ಟಿದ್ದೇನೆ. ಪಟ್ಟಿಯಲ್ಲಿ ಹೆಸರಿನ ಮುಂದೆ, ಈ ಮನೆಗೆ ಕೊನೆಗೆ ಹೋದದ್ದು ಯಾವಾಗ ಅಂತ ತಾರೀಕು ಬರೆಯುತ್ತೇನೆ. ಕೆಲವು ಹೆಸರಿನ ಮುಂದೆ ಬರೆಯಲು ತಾರೀಕೇ ಇರಲಿಲ್ಲ.

ಮನೆಯಲ್ಲೇ ಮತ ಹಾಕುವ ವಯಸ್ಸನ್ನು 2024ರಲ್ಲಿ 80ರಿಂದ 85ಕ್ಕೆ ಏರಿಸಿದ್ದರು. ಹಿಂದಿನ ಸಲ ನಾವು ಫಾರ್ಮು ತುಂಬಿಸದ ಇಬ್ಬರಲ್ಲಿ ಒಬ್ಬ ಅಜ್ಜಿಗೆ ಈಗ 83. ಈ ಸಲ ಫಾರ್ಮು ಹಿಡಿದು ಹೋದೆ, ಅವಕಾಶ ಇರಲಿಲ್ಲ. ಅವರ ಮಗನ ಮುಖ ನೋಡಲು ಕಷ್ಟವಾಯಿತು.

ಕಾಕಾ ಬಂದದ್ದು ಸಂಜೆ ಐದೂ ಮುಕ್ಕಾಲಿಗೆ. ಬಿಳೀ ಅಂಗಿ ಹಾಕಿದ್ದರು. ನಮ್ಮ ಟೇಬಲ್ಲಿಗೆ ಬರಲಿಲ್ಲ, ಚೀಟಿ ಮೊದಲೇ ಜೇಬಿನಲ್ಲಿತ್ತು. ಸೀದಾ ಸಾಲಿನಲ್ಲಿ ಹೋಗಿ ನಿಂತರು.

ರಾತ್ರಿ ಎಂಟಾಗಿತ್ತು. ಅಕ್ಕ 17ಸಿ ನಕಲು ಹಿಡಿದುಕೊಂಡು ಹೊರಗೆ ಬಂದರು. ಅದನ್ನು ನನ್ನ ಕೈಗೆ ಕೊಡಬೇಕಿತ್ತು. ಕೊಡಲಿಲ್ಲ. ಮೇಲಿನ ಓಣಿಗೆ ನಡೆದರು, ನಾನೂ ಹಿಂದೆ ಹೋದೆ. ಕಾಕಾ ಹೊರಸಿನ ಮೇಲೆ ಕೂತಿದ್ದರು. ಕಾಗದ ತೆಗೆದುಕೊಂಡು ಬಲ್ಬಿನ ಬೆಳಕಿಗೆ ಹಿಡಿದರು. ಎಡಗೈ ತೋರುಬೆರಳಿನ ಮಸಿ ಎದ್ದು ಕಾಣುತ್ತಿತ್ತು. ಒಟ್ಟು ಮತಗಳ ಸಾಲಿನ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಮನಸ್ಸಿನಲ್ಲೇ ಕೂಡಿಸಿದರು. ಆಮೇಲೆ ಸುಣ್ಣ ಬಳಿದ ಪಕ್ಕದ ಗೋಡೆಯ ಕಡೆ ನೋಡಿದರು.

"ತಮ್ಮನ ಮನಿ ಆರು ವೋಟು ಬಂದಿಲ್ಲ," ಅಂದರು. "ನಾಳೆ ಮುಂಜಾನಿ ಬಾ. ಇಬ್ಬರೂ ಹೋಗಾಮಿ."